ಬೆಳ್ಳಿ ಹೇಳದ ಮಾತು

ಪಶ್ಚಿಮ ಬೆಂಗಳೂರಿನ ಮಾರೇನಹಳ್ಳಿ ಒಂದು ಕಾಲಕ್ಕೆ ನಿಜವಾಗಿಯೂ ಹಳ್ಳಿಯಾಗಿತ್ತು ಎಂಬುದನ್ನು ಇಂದು ಹೆಚ್ಚುಕಡಿಮೆ ಅದರ ಹೆಸರೊಂದೇ ಹೇಳುತ್ತದೆ. ಅತ್ತಿಗುಪ್ಪೆ, ಹೊಸಹಳ್ಳಿ, ಮೂಡಲಪಾಳ್ಯಗಳಂತೆ ಅದೂ ವಿಜಯನಗರದ ಬಡಾವಣೆಗಳ ನಡುವೆ ಕರಗಿಹೋಗಿದೆ. ಮನೆಯ ಮೇಲೆ ಮನೆ ಎದ್ದಿದೆ, ವಿಜಯನಗರದ ಮೇಲೆ 2015ರಿಂದ ಮೆಟ್ರೊ ಓಡುತ್ತಿದೆ. ಇಂಥ ಊರಿನ ಹಿಂದಿನ ರೂಪ ಎಲ್ಲಾದರೂ ಉಳಿದಿದ್ದರೆ ಅದು ಕಂದಾಯದ ಕಡತಗಳಲ್ಲಿ ಮತ್ತು ಮನೆಗಳ ಬೀರುಗಳಲ್ಲಿ. ಬೀರುವಿನಲ್ಲಿರುವುದು ಮದುವೆಯ ಫೋಟೊ, ನಾಮಕರಣದ ಫೋಟೊ, ಹೊಸ ಸ್ಕೂಟರಿನ ಪಕ್ಕ ನಿಂತ ಫೋಟೊ. ಊರನ್ನು ದಾಖಲಿಸಬೇಕೆಂದು ಯಾರೂ ಅವನ್ನು ತೆಗೆದಿಲ್ಲ. ಆದರೂ ಮದುಮಕ್ಕಳ ಹಿಂದೆ ಒಂದು ಬಯಲು, ಒಂದು ಹೆಂಚಿನ ಮಾಡು, ಡಾಂಬರು ಕಾಣದ ಒಂದು ದಾರಿ ತಾನಾಗಿ ಬಂದು ಕೂತಿರುತ್ತದೆ. ಸುಮಾರು 2005ರ ಈಚಿನ ಫೋಟೊಗಳು ಬೀರುವಿನಲ್ಲಿಲ್ಲ. ಅವು ಫೋನುಗಳಲ್ಲಿವೆ, ಕೆಟ್ಟುನಿಂತ ಕಂಪ್ಯೂಟರುಗಳಲ್ಲಿವೆ, ಬರಿಗಣ್ಣಿಗೆ ಏನನ್ನೂ ತೋರಿಸದ ಸಿಡಿಗಳಲ್ಲಿವೆ. ಮುಂದೊಂದು ದಿನ ಯಾರಾದರೂ ಈ ಊರಿನ ಕಥೆ ಬರೆಯಲು ಕೂತರೆ ಈ ಎರಡು ರಾಶಿಗಳಲ್ಲಿ ಯಾವುದನ್ನು ನಂಬಬೇಕು? ಫಿಲ್ಮ್ ಮೇಲೋ ಡಿಜಿಟಲ್ ಮೇಲೋ ಎಂಬ ವಾದ ಸಾಮಾನ್ಯವಾಗಿ ಬಣ್ಣದ ಹದ, ನೆರಳಿನ ಆಳ, ಕಾಳುಕಾಳಾಗಿ ಕಾಣುವ ಮೈ ಇವುಗಳ ಸುತ್ತ ತಿರುಗಿ ರುಚಿಯ ಮಾತಾಗಿ ಮುಗಿದುಬಿಡುತ್ತದೆ. ರುಚಿಯ ಮಾತಿಗೆ ತೀರ್ಪು ಬೇಕಿಲ್ಲ. ತೀರ್ಪು ಬೇಕಾದದ್ದು ಬೇರೆ ಪ್ರಶ್ನೆಗೆ: ಫೋಟೊದಿಂದ ನಮಗೆ ತಿಳಿವಳಿಕೆ ಬರುವುದಾದರೆ ಅದು ಯಾವ ದಾರಿಯಿಂದ ಬರುತ್ತದೆ, ಮತ್ತು ಫಿಲ್ಮು ಹೋಗಿ ಡಿಜಿಟಲ್ ಬಂದಾಗ ಆ ದಾರಿ ಬದಲಾಯಿತೆ?

ಫಿಲ್ಮಿನ ಪರವಾಗಿರುವ ಅತ್ಯಂತ ಗಟ್ಟಿ ವಾದವನ್ನು ಮೊದಲು ಅದರ ಪೂರ್ಣ ಬಲದಲ್ಲಿ ಮುಂದಿಡಬೇಕು. ಫಿಲ್ಮಿನ ಮೇಲೆ ಜೆಲಾಟಿನ್ ಪದರದಲ್ಲಿ ಬೆಳ್ಳಿಯ ಲವಣದ ಹರಳುಗಳು ಹರಡಿರುತ್ತವೆ. ಬೆಳಕು ಬಿದ್ದ ಹರಳು ಒಳಗೇ ಬದಲಾಗುತ್ತದೆ, ಬೀಳದ್ದು ಹಾಗೇ ಉಳಿಯುತ್ತದೆ. ಡಾರ್ಕ್ ರೂಮಿನಲ್ಲಿ ಫಿಲ್ಮ್ ತೊಳೆದಾಗ ಬದಲಾದ ಹರಳು ಕಪ್ಪು ಬೆಳ್ಳಿಯಾಗುತ್ತದೆ, ಮಿಕ್ಕದ್ದನ್ನು ಹೈಪೊ ಎಂಬ ದ್ರಾವಣ ಕರಗಿಸಿ ತೆಗೆಯುತ್ತದೆ. ಹೀಗೆ ನೆಗೆಟಿವ್ ಎಂಬುದು ಒಬ್ಬ ಮನುಷ್ಯನ ಮೈಮೇಲಿಂದ ಹೊರಟ ಬೆಳಕು ತಾಗಿ ಬದಲಾದ ವಸ್ತು. ಆ ಬೆಳಕು ತಾಗಿದ ವಸ್ತುವೇ ನಮ್ಮ ಕೈಯಲ್ಲಿ ಉಳಿಯುತ್ತದೆ. ಫ್ರೆಂಚ್ ಚಿಂತಕ ರೋಲಾಂ ಬಾರ್ತ್ 1980ರ ತನ್ನ ಪುಸ್ತಕದಲ್ಲಿ ಫೋಟೊದ ತಿರುಳನ್ನು ಕಂಡದ್ದು ಇಲ್ಲಿಯೇ; ಚಿತ್ರದಲ್ಲಿರುವುದು ಒಮ್ಮೆ ಕ್ಯಾಮೆರಾದ ಎದುರು ಇದ್ದೇ ಇತ್ತು ಎಂಬ ಖಾತರಿಯಲ್ಲಿ. ನಮ್ಮ ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ಅನುಮಾನ ಪ್ರಮಾಣ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆ ಎಂದು ತಿಳಿಯುವಂತೆ, ನೆಗೆಟಿವಿನ ಮೇಲೆ ಗುರುತು ಕಂಡರೆ ಎದುರಿಗೆ ವಸ್ತು ಇತ್ತು ಎಂದು ತಿಳಿಯುತ್ತೇವೆ.

ಈ ವಾದಕ್ಕೆ ಕರ್ನಾಟಕದಲ್ಲೇ ಸೊಗಸಾದ ನಿದರ್ಶನವಿದೆ. 1856ರಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಅವಶೇಷಗಳನ್ನು ಮೇಣ ಹಿಡಿಸಿದ ದೊಡ್ಡ ಕಾಗದದ ನೆಗೆಟಿವುಗಳ ಮೇಲೆ ಚಿತ್ರಿಸಿದ. ವಿಠ್ಠಲ ದೇವಾಲಯದ ಕಲ್ಲಿನ ರಥ ಇಂದು 50 ರೂಪಾಯಿ ನೋಟಿನ ಹಿಂಬದಿಯಲ್ಲಿದ್ದು ಎಲ್ಲರ ಜೇಬಿನಲ್ಲೂ ಇದೆ, ಅದರ ಮಟ್ಟಸವಾದ ನೆತ್ತಿ ನಮಗೆಲ್ಲ ಪರಿಚಿತ. ಆದರೆ ಗ್ರೀನ್‌ಲಾನ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಅದು ಈಗಿಲ್ಲ. ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ 1983ರಲ್ಲಿ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆದಾಗ, ನಡುವಿನ ಕಾಲದಲ್ಲಿ ಏನು ಉಳಿಯಿತು, ಏನು ಬಿತ್ತು, ಏನನ್ನು ಕೆಡವಲಾಯಿತು ಎಂಬುದು ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಕಾಣುವಂತಾಯಿತು. ಮಾರೇನಹಳ್ಳಿಯ ಮಗ್ಗುಲಲ್ಲೇ ಹಂಪಿನಗರವಿದೆ, ಸುತ್ತಲ ಬಡಾವಣೆಗೆ ಹಂಪಿಯನ್ನಾಳಿದ ಸಾಮ್ರಾಜ್ಯದ ಹೆಸರಿದೆ. ಆ ಹೆಸರಿಟ್ಟುಕೊಂಡು ಬದುಕುವ ಜನಕ್ಕೆ ಒಂದು ಶಿಖರವಿತ್ತು ಎಂಬ ಸಂಗತಿ ತಲುಪಿದ್ದು ಕಾಗದದಲ್ಲಿ ಕಪ್ಪಾದ ಬೆಳ್ಳಿಯಿಂದ. ಇದಕ್ಕಿಂತ ಒಳ್ಳೆಯ ಸಾಕ್ಷಿ ಫಿಲ್ಮಿನ ಪರ ಸಿಗಲಾರದು.

ಡಿಜಿಟಲ್ ಕ್ಯಾಮೆರಾದಲ್ಲಿ ಬೆಳಕು ಇಲ್ಲವೆಂದಲ್ಲ. 1975ರಲ್ಲಿ ಕೊಡಾಕ್ ಕಂಪನಿಯ ಇಂಜಿನಿಯರ್ ಸ್ಟೀವ್ ಸ್ಯಾಸನ್ ಜೋಡಿಸಿದ ಮೊದಲ ಮಾದರಿ ಕೇವಲ 10,000 ಚುಕ್ಕಿಗಳ ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅಲ್ಲೂ ಆಗಿದ್ದು ಇದೇ: ಎದುರಿನ ವಸ್ತುವಿನಿಂದ ಬಂದ ಬೆಳಕು ಸೆನ್ಸರಿನ ಮೇಲೆ ಬಿದ್ದು ವಿದ್ಯುತ್ತಿನ ಕಣಗಳಾಯಿತು. ಆದ್ದರಿಂದ ಕಾರಣ ಮತ್ತು ಕಾರ್ಯದ ಸಂಬಂಧ ಡಿಜಿಟಲ್ಲಿನಲ್ಲಿ ಕಡಿದುಹೋಗಿದೆ ಎನ್ನುವವರು ತಪ್ಪುತ್ತಾರೆ. ಕಡಿದದ್ದು ಬೇರೆ. ಸೆನ್ಸರಿನಲ್ಲಿ ತುಂಬಿದ ಕಣಗಳನ್ನು ಅಳೆದು, ಅಂಕಿಯಾಗಿ ಬರೆದು, ಮುಂದಿನ ಚಿತ್ರಕ್ಕಾಗಿ ಬರಿದು ಮಾಡಲಾಗುತ್ತದೆ. ಬೆಳಕು ಮುಟ್ಟಿದ ವಸ್ತು ಉಳಿಯುವುದಿಲ್ಲ, ಅದರ ಲೆಕ್ಕ ಉಳಿಯುತ್ತದೆ. ಲೆಕ್ಕವನ್ನು ಯಾವ ಗುರುತೂ ಬಿಡದೆ ತಿದ್ದಬಹುದು. ಇಂದಿನ ಫೋನಿನಲ್ಲಂತೂ ಒಂದು ಒತ್ತಿಗೆ ಹಲವು ಚಿತ್ರಗಳು ಹುಟ್ಟಿ, ಒಂದರ ನೆರಳು ಇನ್ನೊಂದರ ಬೆಳಕಿಗೆ ಸೇರಿ, ಕಣ್ಣಿಗೆ ಹಿತವಾದ ಒಂದು ಚಿತ್ರ ಹೊರಬರುತ್ತದೆ. 2023ರಲ್ಲಿ ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವೊಂದನ್ನು ಸ್ಯಾಮ್‌ಸಂಗ್ ಫೋನಿನಿಂದ ತೆಗೆದಾಗ, ಆ ಮಸುಕಿನಲ್ಲಿ ಇಲ್ಲವೇ ಇಲ್ಲದ ಕುಳಿಗಳು ಫೋಟೊದಲ್ಲಿ ಮೂಡಿದವು. ಎದುರಿಗಿರುವುದು ಚಂದ್ರ ಎಂದು ಗುರುತಿಸಿ ವಿವರಗಳನ್ನು ತೀಡುವ ವ್ಯವಸ್ಥೆ ಅದರಲ್ಲಿದೆ ಎಂದು ಕಂಪನಿಯೇ ವಿವರಿಸಿತು. ಚಂದ್ರನ ಬಗ್ಗೆ ಫೋನಿಗೆ ಮೊದಲೇ ಗೊತ್ತಿದ್ದದ್ದು ಚಿತ್ರದೊಳಗೆ ಸೇರಿಕೊಂಡಿತು. ಇಲ್ಲಿಗೆ ನಿಲ್ಲಿಸಿದರೆ ಫಿಲ್ಮು ಗೆದ್ದಂತೆ. ಹಲವರು ನಿಲ್ಲಿಸುವುದೂ ಇಲ್ಲಿಯೇ.

ಆದರೆ ಅನುಮಾನ ಪ್ರಮಾಣವನ್ನು ಒಪ್ಪಿದ ನಮ್ಮ ತಾರ್ಕಿಕರೇ ಅದನ್ನು ಹುಷಾರಾಗಿ ಬಳಸಬೇಕೆಂದೂ ಹೇಳಿದ್ದಾರೆ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಏಕೆಂದರೆ ಹೊಗೆಯೇಳಲು ಸೌದೆ ಹಸಿಯಾಗಿರಬೇಕು. ಆ ಹಸಿಯನ್ನು ಅವರು ಉಪಾಧಿ ಎಂದರು. ಕಣ್ಣಿಗೆ ಬೀಳದ ಒಂದು ಷರತ್ತು ನಡುವೆ ಕೂತಿದ್ದರೆ ಊಹೆ ಕೆಡುತ್ತದೆ. ಫೋಟೊದ ವಿಷಯದಲ್ಲಿ ನಾವು ಮಾಡುವ ಊಹೆ ಎರಡು ಹೆಜ್ಜೆಯದು. ಗುರುತು ಇದೆ, ಆದ್ದರಿಂದ ಬೆಳಕು ಬಂದಿತ್ತು ಎಂಬುದು ಮೊದಲ ಹೆಜ್ಜೆ, ಅದು ಗಟ್ಟಿ. ಬೆಳಕು ಹೀಗೆ ಬಂದಿತ್ತು, ಆದ್ದರಿಂದ ಇಂಥ ಘಟನೆ ನಡೆದಿತ್ತು ಎಂಬುದು ಎರಡನೆಯದು. ಅಲ್ಲಿ ಉಪಾಧಿಗಳ ಸಾಲೇ ಇದೆ. 1856ರ ಕಾಗದದ ನೆಗೆಟಿವಿಗೆ ದೀರ್ಘ ಎಕ್ಸ್‌ಪೋಷರ್ ಬೇಕಿತ್ತು. ಕಲ್ಲು ದಾಖಲಾಗುತ್ತಿತ್ತು, ಅದೇ ಹೊತ್ತಿನಲ್ಲಿ ಎದುರು ನಡೆದುಹೋದ ಮನುಷ್ಯ, ಮೇಯುತ್ತ ಸರಿದ ದನ ದಾಖಲಾಗುತ್ತಿರಲಿಲ್ಲ. ಆ ಕಾಲದ ಚಿತ್ರಗಳ ನಿರ್ಜನತೆಯನ್ನು ನಂಬಿ ಅಲ್ಲಿ ಜನವೇ ಇರಲಿಲ್ಲ ಎಂದುಕೊಂಡರೆ ಮೋಸಹೋಗುತ್ತೇವೆ. ಸೋವಿಯತ್ ಒಕ್ಕೂಟದಲ್ಲಿ ಸ್ಟಾಲಿನ್ನನ ಪಕ್ಕ ನಿಂತಿದ್ದ ಗುಪ್ತ ಪೊಲೀಸ್ ಮುಖ್ಯಸ್ಥ ಯೆಜೋವ್‌ನನ್ನು ಗುಂಡಿಕ್ಕಿ ಕೊಂದ ಮೇಲೆ ಅವನು ಫೋಟೊದಿಂದಲೂ ಮಾಯವಾದ. ಆಗ ಕಂಪ್ಯೂಟರ್ ಇರಲಿಲ್ಲ, ಕತ್ತರಿ ಮತ್ತು ಕುಂಚ ಸಾಕಾಯಿತು. ನಮ್ಮ ಸ್ಟುಡಿಯೋಗಳಲ್ಲೂ ಮೊನಚು ಪೆನ್ಸಿಲ್ ಹಿಡಿದು ನೆಗೆಟಿವಿನ ಮೇಲೇ ಟಚಿಂಗ್ ಮಾಡಿ ಸಿಡುಬಿನ ಕಲೆ ಅಳಿಸುವ ನಿಪುಣರಿದ್ದರು, ಮೈಸೂರು ಅರಮನೆಯನ್ನೋ ಉದ್ಯಾನವನ್ನೋ ಬರೆದ ಪರದೆಗಳಿದ್ದವು. ಇದಕ್ಕಿಂತ ನಿರ್ಣಾಯಕವಾದ ಉದಾಹರಣೆ ಈಚಿನದು. ಬ್ರಿಟನ್ನಿನ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ 2009ರ ಪ್ರಶಸ್ತಿ ಬೇಲಿ ಹಾರುವ ತೋಳವೊಂದರ ಚಿತ್ರಕ್ಕೆ ಸಂದಿತು. ಅದು ಪಳಗಿಸಿದ ತೋಳ ಎಂದು ತೀರ್ಮಾನವಾಗಿ ಮುಂದಿನ ಜನವರಿಯಲ್ಲಿ ಪ್ರಶಸ್ತಿಯನ್ನು ಹಿಂತೆಗೆದುಕೊಳ್ಳಲಾಯಿತು. ಆ ಚಿತ್ರ ತೆಗೆದದ್ದು ಫಿಲ್ಮಿನ ಮೇಲೆ. ನೆಗೆಟಿವ್ ಆಗಲಿ ಸ್ಲೈಡ್ ಆಗಲಿ ಎಷ್ಟೇ ಶುದ್ಧವಾಗಿದ್ದರೂ ತೋಳ ಕಾಡಿನದೋ ಸಾಕಿದ್ದೋ ಎಂದು ಬೆಳ್ಳಿ ಹೇಳಲಾರದು.

ಇದೇ ಬಗೆಯ ಸುಳ್ಳು ಡಿಜಿಟಲ್ಲಿನಲ್ಲಿ ನಮ್ಮ ಮನೆಬಾಗಿಲಿನಲ್ಲೇ ನಡೆಯಿತು. ಉದ್ಯೋಗ ಖಾತ್ರಿ ಕಾಮಗಾರಿಗಳಲ್ಲಿ ಮೋಸ ತಡೆಯಲೆಂದು ದಿನಕ್ಕೆ ಎರಡು ಬಾರಿ, ಸಮಯ ಮತ್ತು ಸ್ಥಳದ ಗುರುತಿರುವ ಕೂಲಿಕಾರರ ಫೋಟೊವನ್ನು ಮೊಬೈಲ್ ಆ್ಯಪಿಗೆ ಏರಿಸುವುದು 2023ರ ಜನವರಿಯಿಂದ ಕಡ್ಡಾಯವಾಯಿತು. ಯಾದಗಿರಿ ಜಿಲ್ಲೆಯಲ್ಲಿ ಗಂಡಸರು ಸೀರೆ ಉಟ್ಟು ಹೆಂಗಸರಂತೆ ನಿಂತು ಹಾಜರಾತಿ ಹಾಕಿಸಿಕೊಂಡ ಪ್ರಕರಣ 2025ರಲ್ಲಿ ವರದಿಯಾಯಿತು. ಅದೇ ವರ್ಷ ಕೇಂದ್ರ ಸಚಿವಾಲಯವೇ ರಾಜ್ಯಗಳಿಗೆ ಬರೆದು, ಸಂಬಂಧವಿಲ್ಲದ ಫೋಟೊಗಳು ಏರುತ್ತಿವೆ, ಫೋಟೊದ ಫೋಟೊ ತೆಗೆದು ಕಳಿಸಲಾಗುತ್ತಿದೆ ಎಂದು ಪಟ್ಟಿ ಮಾಡಿತು. ಸೀರೆ ಉಟ್ಟ ಗಂಡಸರ ಫೋಟೊದಲ್ಲಿ ಒಂದು ಚುಕ್ಕಿಯನ್ನೂ ತಿದ್ದಬೇಕಾಗಿರಲಿಲ್ಲ. ಬೆಳಕು ನಿಜ, ಸೀರೆ ನಿಜ. ಹೆಂಗಸರಿಗೆ ಕೆಲಸ ಸಿಕ್ಕಿತು ಎಂಬ ಮಾತು ಸುಳ್ಳು. ಫಿಲ್ಮಿನಲ್ಲಿ ತೆಗೆದಿದ್ದರೆ ಆ ಸುಳ್ಳು ಇಷ್ಟೇ ಶುದ್ಧವಾಗಿ ದಾಖಲಾಗುತ್ತಿತ್ತು.

ನಾನು ಹೇಳಬೇಕೆಂದಿರುವುದು ಇಷ್ಟು: ಫೋಟೊ ಫಿಲ್ಮಿನ ಕಾಲದಲ್ಲೂ ಬರಿಯ ಅನುಮಾನ ಪ್ರಮಾಣವಾಗಿರಲಿಲ್ಲ. ನಮಗೆ ಬೇಕಾದ ತಿಳಿವಳಿಕೆಯ ಮಟ್ಟಿಗೆ ಅದು ಆಗಲೂ ಶಬ್ದ ಪ್ರಮಾಣವಾಗಿತ್ತು, ಅಂದರೆ ನಂಬಬಹುದಾದ ಒಬ್ಬರ ಮಾತಿನ ಆಸರೆಯಲ್ಲಿ ನಿಂತಿತ್ತು. ಗ್ರೀನ್‌ಲಾನ ಚಿತ್ರಕ್ಕೇ ಮರಳಿ ನೋಡಿ. 1856ರಲ್ಲಿ ಕಲ್ಲಿನ ರಥದ ಮೇಲೆ ಶಿಖರವಿತ್ತು ಎಂಬ ವಾಕ್ಯದಲ್ಲಿ ಶಿಖರವಿತ್ತು ಎಂಬಷ್ಟನ್ನು ಬೆಳ್ಳಿ ಹೇಳುತ್ತದೆ. 1856 ಎಂಬುದನ್ನು ಬೆಳ್ಳಿ ಹೇಳುವುದಿಲ್ಲ. ತೆಗೆದವನು ಗ್ರೀನ್‌ಲಾ ಎಂಬುದನ್ನೂ ಹೇಳುವುದಿಲ್ಲ. ಅದನ್ನು ಯಾರೋ ಬರೆದಿಟ್ಟರು, ಯಾರೋ ಕಾಪಾಡಿದರು, ಯಾರೋ ಪರಿಶೀಲಿಸಿ ಒಪ್ಪಿದರು. ನಮ್ಮ ಊರುಕೇರಿಗಳಲ್ಲಿ ಈ ಕೆಲಸವನ್ನು ಸದ್ದಿಲ್ಲದೆ ಮಾಡಿದ್ದು ಗಲ್ಲಿಯ ಫೋಟೊ ಸ್ಟುಡಿಯೋ. ಪ್ರಿಂಟಿನ ಹಿಂಬದಿಯಲ್ಲಿ ಸ್ಟುಡಿಯೋದ ಹೆಸರು ಮತ್ತು ವಿಳಾಸದ ಮೊಹರು ಬೀಳುತ್ತಿತ್ತು, ಹಲವೆಡೆ ಅದರ ಪಕ್ಕ ನೆಗೆಟಿವ್ ನಂಬರನ್ನು ಕೈಯಲ್ಲಿ ಬರೆಯುತ್ತಿದ್ದರು. ನೆಗೆಟಿವುಗಳು ಸಣ್ಣ ಕವರುಗಳಲ್ಲಿ ಕ್ರಮವಾಗಿ ಸ್ಟುಡಿಯೋದಲ್ಲೇ ಉಳಿಯುತ್ತಿದ್ದವು. ರಿಜಿಸ್ಟರಿನಲ್ಲಿ ಗಿರಾಕಿಯ ಹೆಸರು, ತಾರೀಖು, ಸೈಜು, ಎಷ್ಟು ಕಾಪಿ ಎಂಬ ಲೆಕ್ಕವಿರುತ್ತಿತ್ತು. ಆ ನಂಬರ್ ಹೇಳಿದರೆ ವರ್ಷಗಳಾದ ಮೇಲೂ ಕಾಪಿ ಹಾಕಿಸಬಹುದಿತ್ತು. ಅದನ್ನು ವ್ಯಾಪಾರದ ಅನುಕೂಲ ಎಂದುಕೊಂಡಿದ್ದೆವು. ಅದು ತಿಳಿವಳಿಕೆಯ ವ್ಯವಸ್ಥೆಯೂ ಆಗಿತ್ತು. ಇಂಥ ದಿನ, ಇಂಥವರು, ನನ್ನೆದುರು ಕೂತಿದ್ದರು ಎಂದು ಹೇಳಬಲ್ಲ ಒಬ್ಬ ಮನುಷ್ಯ ಅಲ್ಲಿದ್ದ. ರೀಲಿನ ಸ್ವಭಾವವೂ ಅವನಿಗೆ ನೆರವಾಗುತ್ತಿತ್ತು. 35 ಎಂಎಂ ರೀಲಿನಲ್ಲಿ 36 ಚಿತ್ರ, ಒಂದರ ಪಕ್ಕ ಒಂದು, ಅಂಚಿನಲ್ಲಿ ಅಂಕಿ. ಮಧ್ಯದ್ದೊಂದನ್ನು ಕಿತ್ತು ಹಿಂದುಮುಂದು ಮಾಡಲಾಗದು. ಕಣ್ಣು ಮುಚ್ಚಿದ ಚಿತ್ರ, ಅಲುಗಿದ ಚಿತ್ರ, ಬೇಡವಾದ ಚಿತ್ರ ಎಲ್ಲವೂ ಆ ಪಟ್ಟಿಯಲ್ಲಿ ತಮ್ಮ ಜಾಗದಲ್ಲೇ ಇರುತ್ತಿದ್ದವು. ಯಾವುದನ್ನು ಆರಿಸಿದರು ಎಂಬುದರ ಜೊತೆಗೆ ಯಾವುದನ್ನು ಬಿಟ್ಟರು ಎಂಬುದೂ ಉಳಿಯುತ್ತಿತ್ತು. ಇಷ್ಟನ್ನೂ ನಾವು ಫಿಲ್ಮಿನ ಗುಣ ಎಂದು ಹೊಗಳುತ್ತ ಬಂದೆವು. ಗುಣ ಬೆಳ್ಳಿಯದ್ದಲ್ಲ, ರಿಜಿಸ್ಟರಿನದು. ಡಿಜಿಟಲ್ ಬಂದಾಗ ಬೆಳ್ಳಿ ಹೋಯಿತೆಂದು ಮರುಗಿದೆವು. ಅದರ ಜೊತೆಗೆ ರಿಜಿಸ್ಟರೂ ಹೋದದ್ದನ್ನು ಗಮನಿಸಲಿಲ್ಲ.

ನ್ಯಾಯಾಲಯ ಇದನ್ನು ನಮಗಿಂತ ಮೊದಲೇ ಅರಿತಿತ್ತು. ಫಿಲ್ಮಿನ ಕಾಲದಲ್ಲೂ ಫೋಟೊ ತಂದು ಮೇಜಿನ ಮೇಲಿಟ್ಟ ಮಾತ್ರಕ್ಕೆ ಅದು ಸಾಕ್ಷ್ಯವಾಗುತ್ತಿರಲಿಲ್ಲ. ನೆಗೆಟಿವ್ ಎಲ್ಲಿ ಎಂಬ ಪ್ರಶ್ನೆ ಏಳುತ್ತಿತ್ತು, ತೆಗೆದವರು ಕಟಕಟೆಗೆ ಬಂದು ಹೇಳಬೇಕಾಗುತ್ತಿತ್ತು. ವಿದ್ಯುನ್ಮಾನ ದಾಖಲೆಗಳು ಬಂದಾಗ 1872ರ ಸಾಕ್ಷ್ಯ ಕಾಯಿದೆಗೆ 65ಬಿ ಕಲಮು ಸೇರಿತು. ಆ ಕಲಮಿನ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಖಚಿತಪಡಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಇನ್ನೂ ಮುಂದೆ ಹೋಗಿ, ಪ್ರಮಾಣಪತ್ರದಲ್ಲಿ ಆ ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕೆನ್ನುತ್ತದೆ. ಹ್ಯಾಶ್ ಎಂದರೆ ಕಡತದ ಅಂಕಿಗಳಿಂದಲೇ ಲೆಕ್ಕ ಹಾಕಿ ತೆಗೆದ ಗುರುತು. ಒಂದು ಚುಕ್ಕಿ ಬದಲಾದರೂ ಅದು ಬೇರೆಯಾಗುತ್ತದೆ. ಗಮನಿಸಬೇಕಾದದ್ದು, ಕಾನೂನು ಹ್ಯಾಶನ್ನು ಮಾತ್ರ ಕೇಳಿ ಸುಮ್ಮನಾಗಲಿಲ್ಲ. ಅದರ ಕೆಳಗೆ ಮನುಷ್ಯನೊಬ್ಬನ ರುಜು ಕೇಳಿತು. ಕಡತ ಬದಲಾಗಿಲ್ಲ ಎಂದು ಗಣಿತ ಹೇಳಬಲ್ಲದು. ಇದು ಇಂಥ ಸಾಧನದಿಂದ, ಇಂಥವರ ಸುಪರ್ದಿನಿಂದ ಬಂತು ಎಂದು ಹೇಳುವವರು ಬೇಕೇ ಬೇಕು, ಸುಳ್ಳಾದರೆ ಹೊಣೆ ಹೊರುವವರು ಬೇಕು.

ಇದಕ್ಕೆ ಒಂದು ಆಕ್ಷೇಪಣೆ ಕೂಡಲೇ ಬರುತ್ತದೆ. ಡಿಜಿಟಲ್ ಫೋಟೊದೊಳಗೆ ತಾರೀಖು, ಗಂಟೆ, ಕ್ಯಾಮೆರಾದ ಹೆಸರು, ಎಷ್ಟೋ ಸಲ ಅಕ್ಷಾಂಶ ರೇಖಾಂಶ ಕೂಡ ತಾನಾಗಿ ದಾಖಲಾಗಿರುತ್ತದೆ. ಸ್ಟುಡಿಯೋದ ರಿಜಿಸ್ಟರಿಗಿಂತ ಇದು ಎಷ್ಟೋ ನಿಖರ ಎನ್ನಬಹುದು. ನಿಖರ ಹೌದು. ಆದರೆ ಆ ಮಾಹಿತಿಯನ್ನು ಯಾರು ಬೇಕಾದರೂ ತಿದ್ದಬಹುದು, ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೊವಾಗಿ ಕಳಿಸಿದರೆ ಅದು ಉದುರಿಹೋಗಿ ಚಿತ್ರವೊಂದೇ ತಲುಪುತ್ತದೆ. ನಮ್ಮ ಬಹುಪಾಲು ಕುಟುಂಬದ ಚಿತ್ರಗಳು ಇಂದು ಕೈಯಿಂದ ಕೈಗೆ ಹೋಗುವುದು ಈ ದಾರಿಯಲ್ಲೇ. ಇದಕ್ಕೆ ಮದ್ದನ್ನೂ ಕಂಡುಹಿಡಿಯಲಾಗುತ್ತಿದೆ: ತೆಗೆದ ಕ್ಷಣದಲ್ಲೇ ಕ್ಯಾಮೆರಾ ಚಿತ್ರಕ್ಕೆ ಗುಪ್ತಲಿಪಿಯ ರುಜು ಹಾಕಿ, ಮುಂದಿನ ಪ್ರತಿ ತಿದ್ದುಪಡಿಯನ್ನೂ ಅದರೊಂದಿಗೆ ದಾಖಲಿಸುವ ಪದ್ಧತಿಯಿರುವ ಮೊದಲ ಕ್ಯಾಮೆರಾವನ್ನು ಲೈಕಾ ಕಂಪನಿ 2023ರ ಅಕ್ಟೋಬರಿನಲ್ಲಿ ತಂದಿತು. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಇದು ನನ್ನ ವಾದಕ್ಕೆ ಉತ್ತರವಲ್ಲ, ಅದಕ್ಕೆ ಒದಗಿಬಂದ ಸಾಕ್ಷಿ. ಇಷ್ಟೆಲ್ಲ ತಂತ್ರಜ್ಞಾನ ಸುತ್ತಿಬಂದು ಮತ್ತೆ ಸೇರಿದ್ದು ಮೊಹರು ಮತ್ತು ರಿಜಿಸ್ಟರಿಗೇ. ಅಂಥ ರುಜು ಇದ್ದ ಮೇಲೂ ಎದುರಿಗಿನ ತೋಳ ಪಳಗಿದ್ದೇ, ಸೀರೆಯೊಳಗಿರುವವರು ಯಾರು ಎಂಬ ಪ್ರಶ್ನೆಗೆ ಕ್ಯಾಮೆರಾ ಉತ್ತರಿಸದು.

ಫಿಲ್ಮು ಬಾಳುತ್ತದೆ, ಡಿಜಿಟಲ್ ಹಾಳಾಗುತ್ತದೆ ಎಂಬ ಮಾತು ಬಹಳ ಚಾಲ್ತಿಯಲ್ಲಿದೆ. ಆದರೆ ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರಿಂಟೂ ನಮ್ಮಲ್ಲಿ ಉಳಿದಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ಹೊತ್ತಿದ ಬೆಂಕಿ ಹಳೆಯ ನೈಟ್ರೇಟ್ ಫಿಲ್ಮುಗಳ ದೊಡ್ಡ ರಾಶಿಯನ್ನೇ ಸುಟ್ಟಿತು. ಮಳೆಗಾಲದ ತೇವಕ್ಕೆ ನೆಗೆಟಿವಿನ ಮೇಲೆ ಬೂಷ್ಟು ಹಿಡಿಯುತ್ತದೆ, ಎಪ್ಪತ್ತು ಎಂಬತ್ತರ ದಶಕದ ಬಣ್ಣದ ಪ್ರಿಂಟುಗಳು ಕೆಂಪಡರಿ ಮುಖ ಗುರುತು ಸಿಗದಂತಾಗಿವೆ. ಡಿಜಿಟಲ್ ಕಡತವನ್ನಾದರೋ ಕಿಂಚಿತ್ತೂ ಕುಂದಿಲ್ಲದೆ ಎಷ್ಟು ಬಾರಿಯಾದರೂ ನಕಲು ಮಾಡಬಹುದು. ಯಾರೂ ಮಾಡುವುದಿಲ್ಲ ಎಂಬುದು ಬೇರೆ ಮಾತು, ಅದು ತಂತ್ರದ ದೋಷವೂ ಅಲ್ಲ.

ಇದಕ್ಕಿಂತ ಹೆಚ್ಚು ಗಂಭೀರವಾಗಿ ಉತ್ತರಿಸಬೇಕಾದ ವಾದ ಮಿತಿಯದು. ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಕ್ಯಾಮೆರಾದ ಒಂದು ರೋಲಿಗೆ 12 ಚಿತ್ರ. ಊಟಿಯ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮೇ ಇರಲಿ, ಹೊರದೇಶದ್ದೇ ಇರಲಿ, ಕಾಸು ಕೊಟ್ಟು ತರಬೇಕಾದದ್ದು. ಆದ್ದರಿಂದ ಒತ್ತುವ ಮುಂಚೆ ಯೋಚಿಸುತ್ತಿದ್ದರು, ಇದು ತೆಗೆಯತಕ್ಕದ್ದೇ ಎಂದು ಕೇಳಿಕೊಳ್ಳುತ್ತಿದ್ದರು; ಆ ಯೋಚನೆಯೇ ಚಿತ್ರಕ್ಕೆ ತೂಕ ತಂದಿತು ಎನ್ನುತ್ತಾರೆ. ಮೈಸೂರಿನ ಟಿ. ಎಸ್. ಸತ್ಯನ್ ಅವರ ಕಪ್ಪುಬಿಳುಪು ಚಿತ್ರಗಳನ್ನು ನೋಡಿದ ಯಾರೂ ಈ ಮಾತನ್ನು ಸುಲಭಕ್ಕೆ ತಳ್ಳಿಹಾಕಲಾರರು. ಸಾಮಾನ್ಯ ಜನರ, ಮಕ್ಕಳ ಮುಖಗಳಲ್ಲಿ ಅವರು ಹಿಡಿದ ಘನತೆಗೆ ಕಾಯುವ ಅಭ್ಯಾಸ ಕಾರಣ, ಮತ್ತು ಕಾಯುವುದನ್ನು ಫಿಲ್ಮು ಕಲಿಸುತ್ತಿತ್ತು. ಆದರೆ ಅದೇ ಮಿತಿ ಇನ್ನೊಂದು ಕೆಲಸವನ್ನೂ ಮಾಡಿತು. ಕಾಸಿದ್ದವರ ಫೋಟೊ ಇದೆ, ಇಲ್ಲದವರದ್ದಿಲ್ಲ. ಗೌಡರ ಮನೆಯ ಮದುವೆಗೆ ಸ್ಟುಡಿಯೋದವರು ಬಂದರು. ಅದೇ ಮದುವೆಗೆ ಚಪ್ಪರ ಹಾಕಿದವರ, ಪಾತ್ರೆ ತೊಳೆದವರ ಮುಖ ಎಲ್ಲಾದರೂ ಉಳಿದಿದ್ದರೆ ಚಿತ್ರದ ಅಂಚಿನಲ್ಲಿ, ಅರ್ಧ ಕತ್ತರಿಸಿಹೋಗಿ. ಅಜ್ಜಿಯ ಒಂದೂ ಚಿತ್ರವಿಲ್ಲದ ಮನೆಗಳು ಈ ನಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಸತ್ಯನ್ ಅಂಥವರು ಈ ಅನ್ಯಾಯವನ್ನು ಒಬ್ಬೊಬ್ಬರಾಗಿ ಸರಿಪಡಿಸಲು ನೋಡಿದರು. ಒಬ್ಬ ದೊಡ್ಡ ಕಲಾವಿದನಿಂದ ಆಗದ್ದನ್ನು ಅಗ್ಗದ ಫೋನು ಮಾಡಿದೆ. ಇಂದು ಮಾರೇನಹಳ್ಳಿಯಿಂದ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಬಸ್ಸು ಹಿಡಿಯುವ ಹೆಣ್ಣುಮಗಳು ತನ್ನ ಮಗುವಿನ ಹುಟ್ಟುಹಬ್ಬವನ್ನೂ ತನ್ನ ಬೀದಿಯಲ್ಲಿ ಉಕ್ಕಿ ಹರಿದ ಚರಂಡಿಯನ್ನೂ ತಾನೇ ದಾಖಲಿಸಬಲ್ಲಳು. ಮಿತಿಯ ಸೊಬಗನ್ನು ನೆನೆದು ಈ ಬಿಡುಗಡೆಯನ್ನು ಕೀಳಾಗಿ ಕಾಣುವುದು ನನ್ನಿಂದಾಗದು.

ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ ಇಲ್ಲಿ ನಮ್ಮ ನೆರವಿಗೆ ಬರುತ್ತಾನೆ. ಯಾರ ಮಾತನ್ನು ಪ್ರಮಾಣವೆಂದು ಒಪ್ಪಬೇಕು ಎಂಬ ಪ್ರಶ್ನೆಗೆ ಅವನು ಕುಲ, ಗುರುಪೀಠ, ಪಾಂಡಿತ್ಯ ಯಾವುದನ್ನೂ ಮುಂದಿಡಲಿಲ್ಲ. ಸಂಗತಿಯನ್ನು ಸ್ವತಃ ಅರಿತಿರಬೇಕು, ಅರಿತದ್ದನ್ನು ಅರಿತಂತೆಯೇ ತಿಳಿಸುವ ಇಚ್ಛೆ ಇರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವಾಗಿ ಅನ್ವಯಿಸುತ್ತದೆ ಎಂದು ಅವನು ಬಿಡಿಸಿಯೇ ಹೇಳಿದ. ಫೋಟೊ ಶಬ್ದ ಪ್ರಮಾಣವೆಂದು ಒಪ್ಪಿದರೆ ಅದರ ಫಲವೂ ಇದೇ. ಪ್ರಸಿದ್ಧ ಛಾಯಾಗ್ರಾಹಕನ ನೆಗೆಟಿವಿಗೆ ಇರುವಷ್ಟೇ ಪ್ರಾಮಾಣ್ಯ ಆ ಗಾರ್ಮೆಂಟ್ಸ್ ಕೆಲಸಗಾರ್ತಿಯ ಫೋನಿನ ಚಿತ್ರಕ್ಕೂ ಬರಬಹುದು. ಷರತ್ತು ಒಂದೇ: ನಾನು ನೋಡಿದೆ, ಇದು ಇಂಥ ದಿನ, ಇಂಥ ಜಾಗ, ಇವರು ಇಂಥವರು ಎಂಬ ಅವಳ ಮಾತು ಚಿತ್ರದ ಜೊತೆಗೆ ಉಳಿಯಬೇಕು. ಆ ಮಾತು ಸೇರದಿದ್ದರೆ ಅವಳ ಸಾವಿರ ಚಿತ್ರಗಳೂ ಮುಂದಿನ ತಲೆಮಾರಿಗೆ ಯಾರದೋ ಮಗುವಿನ, ಯಾವುದೋ ಚರಂಡಿಯ ಚಿತ್ರಗಳಾಗುತ್ತವೆ. ಫಿಲ್ಮಿನ ಕಾಲದಲ್ಲಿ ಆ ಮಾತನ್ನು ನಮ್ಮ ಪರವಾಗಿ ಸ್ಟುಡಿಯೋದವರು ಬರೆದಿಡುತ್ತಿದ್ದರು, ಏಕೆಂದರೆ ಅದರಲ್ಲಿ ಅವರ ಜೀವನೋಪಾಯವಿತ್ತು. ಈಗ ನಾವೇ ತೆಗೆಯುವವರು, ನಾವೇ ಕಾಯುವವರು. ಬರೆಯುವ ಹೊಣೆಯೂ ನಮ್ಮದೇ.

ಈ ಹೊಣೆಯನ್ನು ಮುಂದೂಡುವಷ್ಟು ಕಾಲ ಉಳಿದಿಲ್ಲ. ಬೆಳಕಿನ ಹಂಗೇ ಇಲ್ಲದೆ, ಕೇವಲ ಮಾತಿನ ಸೂಚನೆಯಿಂದ ಫೋಟೊದಂಥ ಚಿತ್ರಗಳನ್ನು ಹುಟ್ಟಿಸುವ ಯಂತ್ರಗಳು ಇಂದು ಎಲ್ಲರ ಕೈಯಲ್ಲಿವೆ. ಎಪ್ಪತ್ತರ ದಶಕದ ಒಂದು ಹಳ್ಳಿ, ಹೆಂಚಿನ ಮನೆ, ಎತ್ತಿನ ಗಾಡಿ, ಬಣ್ಣಗೆಟ್ಟ ಪ್ರಿಂಟು ಎಂದು ಹೇಳಿದರೆ ಎಂದೂ ಇರದಿದ್ದ ಒಂದು ಮಾರೇನಹಳ್ಳಿ ಕ್ಷಣದಲ್ಲಿ ಸಿದ್ಧ, ಫಿಲ್ಮಿನ ಕಾಳುಕಾಳಾದ ಮೈ ಕೂಡ ಅದಕ್ಕೆ ಬರುತ್ತದೆ. ಫಿಲ್ಮಿನ ನೋಟವನ್ನೇ ಸತ್ಯದ ಗುರುತೆಂದು ನಂಬಿದವರು ಮೊದಲು ಮೋಸಹೋಗುವುದು ಇಲ್ಲಿಯೇ. ಬೆಂಗಳೂರಿನ ಕೆಲವು ಯುವಕರು ಹಳೆಯ ಕ್ಯಾಮೆರಾ ಹುಡುಕಿ, ದುಬಾರಿ ರೋಲು ಕೊಂಡು ಮತ್ತೆ ಫಿಲ್ಮಿನಲ್ಲಿ ತೆಗೆಯತೊಡಗಿದ್ದಾರೆ. ಕೈಕೆಲಸದ ಸುಖಕ್ಕಾಗಿ, ಕಾಯುವುದನ್ನು ಕಲಿಯಲಿಕ್ಕಾಗಿ ಅವರು ಅದನ್ನು ಮಾಡುವುದು ಸರಿ. ಡಿಜಿಟಲ್ ಸುಳ್ಳು, ಫಿಲ್ಮ್ ಮಾತ್ರ ನಿಜ ಎಂಬ ನಂಬಿಕೆಯಿಂದ ಮಾಡುವುದಾದರೆ ಅವರು ಹುಡುಕುತ್ತಿರುವುದು ಅಲ್ಲಿಲ್ಲ.

ಮಾಡಬಹುದಾದ ಕೆಲಸ ಸಣ್ಣದು, ಇಂದೇ ಮಾಡಬಹುದಾದದ್ದು. ಬೀರುವಿನಲ್ಲಿರುವ ಹಳೆಯ ಫೋಟೊಗಳನ್ನು ಮನೆಯ ಹಿರಿಯರ ಮುಂದೆ ಹರಡಿ, ಅವರು ಹೇಳುವ ಹೆಸರು, ಊರು, ಅಂದಾಜು ವರ್ಷಗಳನ್ನು ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೆಲ್ಲಗೆ ಬರೆಯಿರಿ. ಹೇಳಿದವರು ಯಾರು ಎಂಬುದನ್ನೂ ಬರೆಯಿರಿ. ಫೋನಿನಲ್ಲಿರುವ ಸಾವಿರಾರು ಚಿತ್ರಗಳಲ್ಲಿ ವರ್ಷಕ್ಕೆ ಕೆಲವನ್ನಾದರೂ ಆರಿಸಿ, ಪ್ರಿಂಟ್ ಹಾಕಿಸಿ, ಅದೇ ರೀತಿ ಬರೆದಿಡಿ. ಬಾಗಿಲು ಮುಚ್ಚುತ್ತಿರುವ ಹಳೆಯ ಸ್ಟುಡಿಯೋ ನಿಮ್ಮ ಬೀದಿಯಲ್ಲಿದ್ದರೆ ಅವರ ನೆಗೆಟಿವುಗಳಿಗಿಂತ ಮೊದಲು ಅವರ ರಿಜಿಸ್ಟರುಗಳನ್ನು ಕೇಳಿ, ಅವು ರದ್ದಿಗೆ ಹೋಗದಂತೆ ನೋಡಿಕೊಳ್ಳಿ. ಹಂಪಿನಗರದಲ್ಲಿ ಸಾರ್ವಜನಿಕ ಗ್ರಂಥಾಲಯವಿದೆ. ಸುತ್ತಲಿನ ಹಳ್ಳಿಗಳು ಬಡಾವಣೆಗಳಾದ ಕಾಲದ ಚಿತ್ರಗಳನ್ನು, ಕೊಟ್ಟವರ ಹೇಳಿಕೆ ಮತ್ತು ರುಜುವಿನ ಸಮೇತ ಸಂಗ್ರಹಿಸಲು ಅಲ್ಲಿ ಒಂದು ಕಪಾಟು ಕೊಡಿ ಎಂದು ಮಾರೇನಹಳ್ಳಿಯ ನಿವಾಸಿಗಳು ಕೇಳಬೇಕು. ಬಡಾವಣೆ ಏಳುವುದನ್ನು ಕಣ್ಣಾರೆ ಕಂಡವರು ಈಗ ಎಪ್ಪತ್ತು ದಾಟಿದ್ದಾರೆ.